ತೊಗರಿ ಕಟ್ಟಿಗೆಯ ಪರ್ಣಶಾಲೆ

ಮೊನ್ನೆ ಚರ್ಚಿನ ಅಂಗಳದಲ್ಲಿ ನೆನೆದ ತೊಗರಿ ಕಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು. ಹೊಸ ಪಾದ್ರಿಗಳು ಗುಡಿಸಲು ಹಾಕಿಸಿ, ಯೆಹೂದ್ಯರ ಪರ್ಣಶಾಲೆಗಳ ಹಬ್ಬ ಇಂದಿನ ಕ್ರೈಸ್ತರಿಗೆ ಏನು ಹೇಳುತ್ತದೆಂದು ಪ್ರಸಂಗ ಮಾಡುತ್ತಿದ್ದರು. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ತಲೆದೂಗಲಾಗಲಿಲ್ಲ. ಇದನ್ನೇ ಮಾಡಿದ್ದಕ್ಕೆ ಶಹಾಬಾದಿನ ನಮ್ಮ ಪಕ್ಕದ ಮನೆಯ ದೊಡ್ಡವ್ವನನ್ನು ಆಗ ಏನೆಲ್ಲ ಅಂದಿರಲಿಲ್ಲ...

ದೊಡ್ಡವ್ವ ಕೊಡ್ಲಿ ಎಂಬ ಊರಿನ ಕಡೆಯವಳು, ವಿಧವೆ. ನಿಜಾಮನ ಆಳ್ವಿಕೆ ಮುಗಿದ ವರ್ಷದ ಗಲಾಟೆಯಲ್ಲಿ ಒಬ್ಬನೇ ಮಗನೊಂದಿಗೆ ಊರು ಬಿಟ್ಟು ಓಡಿ, ಹೊಲವೊಂದರ ತೊಗರಿ ಕಟ್ಟಿಗೆಯ ಗುಡಿಸಲಲ್ಲಿ ಅಡಗಿದ್ದಳು. ನೀರು ತರುತ್ತೇನೆಂದು ಹೋದ ಮಗ ತಿರುಗಿ ಬರಲಿಲ್ಲ. ಕಾದು ಕಾದು ಸಾಕಾಗಿ, ಕೊನೆಗೆ ಶಹಾಬಾದಿನ ತಮ್ಮನ ಮನೆ ಸೇರಿದ್ದಳು.

ಮರುವರ್ಷದಿಂದ, ಮಳೆಗಾಲ ಮುಗಿಯುವ ಹೊತ್ತಿಗೆ, ಆ ಫರಸಿ ಕಲ್ಲಿನ ಮನೆಯ ಮುಂದೆ ತೊಗರಿ ಕಟ್ಟಿಗೆಯ ಗುಡಿಸಲು ಏಳುತ್ತಿತ್ತು. ಬೈಬಲಿನಲ್ಲಿ ಹೇಳಿದಂತೆ ಹಬ್ಬದ ವಾರವೆಲ್ಲ ಅಲ್ಲೇ ಊಟ, ಅಲ್ಲೇ ನಿದ್ದೆ. ಹಾದುಹೋಗುವ ಪರದೇಶಿಗಳನ್ನೂ ಕರೆದು ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದಳು. ಹಾಗೆ ಬಡಿಸುವಾಗ ಅವರ ಮುಖವನ್ನೇ ನೋಡುತ್ತಿದ್ದಳು.

ಆಗಿನ ಪಾದ್ರಿ ಸಾಹೇಬರಿಗೆ ಸಿಟ್ಟು ಬಂತು. "ಯೇಸುಸ್ವಾಮಿ ಬಂದ ಮ್ಯಾಲ ಈ ಹಳೇ ಹಬ್ಬ ಯಾಕವಾ? ಕಿತ್ತು ಹಾಕು. ಇಲ್ಲಾಂದ್ರ ಕರ್ತನ ಭೋಜನ ಸಿಗಂಗಿಲ್ಲ."

"ಯೇಸುಸ್ವಾಮಿನೂ ಈ ಹಬ್ಬಕ್ಕ ಹೋಗಿದ್ರಲ್ರಿ," ಎಂದಳು ದೊಡ್ಡವ್ವ. ಆಮೇಲೆ ದನಿ ತಗ್ಗಿಸಿ, "ನನ್ನ ಮಗಗ ಈ ಮನಿ ಗೊತ್ತಿಲ್ರಿ. ಗುಡಸಲು ಗೊತ್ತದ. ಹುಡುಕ್ಕೋತ ಬಂದ್ರ ಗುರ್ತು ಹತ್ತಬ್ಯಾಡೇನ್ರಿ?"

ಸಾಹೇಬರು ಕರಗಲಿಲ್ಲ. ಚರ್ಚಿನಲ್ಲಿ ಕೊಡುವ ಕರ್ತನ ಭೋಜನದ ಆ ರೊಟ್ಟಿ, ದ್ರಾಕ್ಷಾರಸವಿಲ್ಲದೆ ಬದುಕುವುದು ಅವಳಿಂದಾಗದ ಮಾತು. ತಾನೇ ಗುಡಿಸಲು ಬಿಚ್ಚಿ, ಆ ಕಟ್ಟಿಗೆಯನ್ನು ಒಲೆಗೆ ಹಾಕಿದಳು. ಅವತ್ತು ಅವಳ ಮುಖ ನೋಡಲಾಗಲಿಲ್ಲ, ದೇವರೇ...

ಮುಂದಿನ ಹಬ್ಬಕ್ಕೆ ಬರೀ ಅಂಗಳದಲ್ಲಿ ಮಲಗಿದಳು. ನಮ್ಮವ್ವ ಬೈದರೆ, "ಗುಡಸಲು ಬ್ಯಾಡಂದಾರ, ಅಂಗಳ ಬ್ಯಾಡಂದಿಲ್ಲಲಾ ತಂಗಿ," ಎಂದು ನಕ್ಕಳು. ಆ ವಾರ ಭಾಳ ಮಳೆ. ಎದೆಗೆ ಥಂಡಿ ಇಳಿಯಿತು. ಕ್ರಿಸ್ಮಸ್ಸಿಗೆ ಅವಳು ಇರಲಿಲ್ಲ.

ಮೊನ್ನೆ ಪ್ರಸಂಗ ಮುಗಿದು ಜನ ಊಟಕ್ಕೆ ಎದ್ದರು. ನಾನು ಹೋಗಿ ಗುಡಿಸಲಲ್ಲಿ ಕುಳಿತೆ. ಪಾದ್ರಿಗಳು ಬಂದು, "ಆಯಿ, ಏಳ್ರಿ. ಇದನ್ನ ಬಿಚ್ಚಲಿಕತ್ತೀವಿ," ಅಂದರು.

"ಇನ್ನೊಂದು ಸ್ವಲ್ಪ ಇರ್ಲಿ ಬಿಡಪಾ."

"ಯಾರರೆ ಬರೋರದಾರೇನ್ರಿ?"

ಬಾಗಿಲ ಕಡೆ ನೋಡಿದೆ. "ಇಲ್ಲಪಾ," ಅಂದೆ. "ಕಾಯೋರೂ ಹೋದ್ರು."