ಜರಡಿಯಕ್ಕನ ಎಡಗಣ್ಣಿನ ಕಾವಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಟ್ಟಡ ಸಾಮಗ್ರಿ ಮಾರುವ ಅಂಗಳದಲ್ಲಿ ಮರಳಿನ ಗುಡ್ಡೆಗಳು ಕಪ್ಪಗೆ ಕಾಣುತ್ತಿವೆ. ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತು ಮುಖಕ್ಕೆ ಕೋಟೆ ಕಟ್ಟಿಕೊಳ್ಳುತ್ತಿದ್ದಾರೆ. ಮೊದಲು ಕಿವಿ ಮುಚ್ಚುವಂತೆ ತಲೆವಸ್ತ್ರ. ಅದರ ಮೇಲೆ ಟೋಪಿ. ಅದರ ಮುಂದಿನ ಅಂಚಿಗೆ ರಟ್ಟು ಹೊಲಿದು ಇನ್ನೊಂದು ಬೆರಳುದ್ದ ಬೆಳೆಸಿದ್ದಾರೆ. ಕೊನೆಗೆ ಕನ್ನಡಕ. ಅದನ್ನು ಕನ್ನಡಕ ಎನ್ನಲು ಸ್ವಲ್ಪ ಧೈರ್ಯ ಬೇಕು. ಬೀದಿಬದಿಯಲ್ಲಿ ಕೊಂಡ ತಿಳಿಕಂದು ಗಾಜು, ಎರಡೂ ಪಕ್ಕಕ್ಕೆ ನೀರಿನ ಬಾಟಲಿಯಿಂದ ಕತ್ತರಿಸಿದ ಪ್ಲಾಸ್ಟಿಕ್ಕಿನ ರೆಕ್ಕೆ, ಆ ರೆಕ್ಕೆ ಚರ್ಮ ಕೊಯ್ಯದಂತೆ ಬಟ್ಟೆಯ ಪಟ್ಟಿ, ಒಳಗೆ ಸುತ್ತಲೂ ಹಳೆಯ ದಿಂಬಿನ ಸ್ಪಂಜು, ಕಿವಿಗೆ ಸಿಕ್ಕಿಸುವ ಕಡ್ಡಿಯ ಬದಲು ಲಂಗದಿಂದ ಬಿಚ್ಚಿದ ಎಲಾಸ್ಟಿಕ್.

ಇಷ್ಟೆಲ್ಲ ತೊಟ್ಟು ಎದ್ದು ನಿಂತರೆ ಬೀದಿನಾಯಿ ಕೂಡ ಒಮ್ಮೆ ಹಿಂದೆ ಸರಿದು ನೋಡುತ್ತದೆ. ಇವರೇ ಜರಡಿಯಕ್ಕ. ಗಾರೆ ಕೆಲಸಕ್ಕೆ ಬೇಕಾದ ನುಣ್ಣನೆಯ ಮರಳನ್ನು ಜರಡಿ ಹಿಡಿದು ಕೊಡುವುದು ಅವರ ಕೆಲಸ. ಒಂದು ಚಿಟಿಕೆ ಮರಳನ್ನು ಬೆರಳಿನಿಂದ ಉದುರಿಸಿ ಗಾಳಿ ಯಾವ ಕಡೆಯಿಂದ ಎಂದು ನೋಡುತ್ತಾರೆ. ಆಳೆತ್ತರದ ಜರಡಿಯ ಚೌಕಟ್ಟನ್ನು ಎಳೆದು ತಂದು, ತಮ್ಮ ಬೆನ್ನು ಗಾಳಿಗೆ ಬರುವಂತೆ ತಿರುಗಿಸಿ, ಹಿಂದೆ ಎರಡು ಗಳ ಕೊಟ್ಟು ಓರೆಯಾಗಿ ನಿಲ್ಲಿಸುತ್ತಾರೆ. ಆಮೇಲೆ ಸಲಿಕೆ ಹಿಡಿಯುತ್ತಾರೆ. ಎರಚಿದ ಮರಳಿನಲ್ಲಿ ನುಣ್ಣನೆಯದು ಜರಡಿಯಾಚೆ ಬೀಳುತ್ತದೆ, ಕಲ್ಲು ಕಡ್ಡಿ ಈಚೆ ಜಾರುತ್ತವೆ. ಪ್ರತಿ ಸಲ ಸಲಿಕೆ ಎತ್ತುವಾಗಲೂ ಜರಡಿಯಕ್ಕ ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ ತೆರೆಯುತ್ತಾರೆ.

ಈ ಕಣ್ಣು ಮಿಟುಕಿಸುವುದರಿಂದ ಆಗಾಗ ಫಜೀತಿಯೂ ಆಗುತ್ತದೆ. ಕಳೆದ ವಾರ ಹೊಸದಾಗಿ ಬಂದ ಗಾರೆ ಮೇಸ್ತ್ರಿಯೊಬ್ಬರು ಮರಳು ನೋಡುತ್ತ ಎದುರಿಗೇ ನಿಂತಿದ್ದರು. ಎರಡು ಸಲ ನೋಡಿದರು, ಮೂರು ಸಲ ನೋಡಿದರು, ಕಿವಿ ಕೆಂಪಾಯಿತು. ಮೆಲ್ಲಗೆ ಹತ್ತಿರ ಹೋಗಿ, "ಅಮ್ಮಾ, ನಾನು ಮೊಮ್ಮಕ್ಕಳನ್ನ ಕಂಡವನು, ಹಿಂಗೆಲ್ಲ ಕಣ್ಣು ಹೊಡೀಬಾರ್ದು" ಎಂದರು. ಜರಡಿಯಕ್ಕ ಸಲಿಕೆ ಊರಿ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಕನ್ನಡಕ ಎತ್ತಿ, "ಅಣ್ಣಾ, ಹತ್ರ ಬಂದಿದ್ದೀರಲ್ಲ, ಈ ಕಣ್ಣೊಳಗೆ ಏನಾದ್ರೂ ಬಿದ್ದಿದೆಯಾ ನೋಡಿ" ಎಂದರು.

"ಬಿದ್ದಿದ್ರೆ ನಿಮಗೇ ಗೊತ್ತಾಗಲ್ವಾ?"

"ಇಲ್ಲ. ನಂಗೆ ಗೊತ್ತಾಗಲ್ಲ."

ಮೇಸ್ತ್ರಿಯವರು ಬಗ್ಗಿ ಆ ಕಣ್ಣೊಳಗೆ ನೋಡಿದರು. ಕಣ್ಣಿಗೆ ಮರಳು ಬಿದ್ದರೆ ಗೊತ್ತಾಗದ ಮನುಷ್ಯರೂ ಇರುತ್ತಾರೆಯೇ? ಇದ್ದಾರೆ. ಹಾಗೆ ಗೊತ್ತಾಗುವುದಿಲ್ಲ ಎಂಬುದೇ ಜರಡಿಯಕ್ಕನಿಗೆ ಬಹಳ ತಡವಾಗಿ ಗೊತ್ತಾಯಿತು. ಆ ಕಥೆ ಕೇಳಿದವರು ತಮಗರಿವಿಲ್ಲದೆ ತಮ್ಮ ಕಣ್ಣನ್ನೊಮ್ಮೆ ಮುಟ್ಟಿಕೊಳ್ಳುತ್ತಾರೆ.

ಜರಡಿಯಕ್ಕನ ಮನೆ ಅಂಗಳದ ಹಿಂದಿನ ಓಣಿಯಲ್ಲಿದೆ. ಅಕ್ಕಪಕ್ಕ ಎರಡು ಕೋಣೆ, ನಡುವೆ ಒಂದೇ ನಲ್ಲಿ. ಒಂದರಲ್ಲಿ ಇವರು, ಇನ್ನೊಂದರಲ್ಲಿ ಮೈದುನನ ಹೆಂಡತಿ, ಅಂದರೆ ವಾರಗಿತ್ತಿ. ಜರಡಿಯಕ್ಕನ ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವರು, ಮನೆಯಲ್ಲಿ ಇಲ್ಲದ ದಿನಗಳೇ ಹೆಚ್ಚು. ವಾರಗಿತ್ತಿ ಬಾಗಿಲಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಕಾಲು ಯಂತ್ರ ತುಳಿಯುತ್ತಿರುತ್ತದೆ, ಬಾಯಿ ಜರಡಿಯಕ್ಕನನ್ನು ಬೈಯುತ್ತಿರುತ್ತದೆ. ನಲ್ಲಿ ಬಿಟ್ಟಿದ್ದು, ಕೊಡ ಇಟ್ಟಿದ್ದು, ಬಕೆಟ್ ತೊಳೆಯದ್ದು, ಎಲ್ಲಕ್ಕೂ ಜಗಳ. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಓಣಿಯವರು ನಗುತ್ತಾರೆ.

ಮೂರು ವರ್ಷದ ಹಿಂದೆ ಜರಡಿಯಕ್ಕನಿಗೆ ಜ್ವರ ಬಂದು ಹಣೆಯ ಎಡಭಾಗದಲ್ಲಿ ಸಾಲು ಗುಳ್ಳೆಗಳೆದ್ದವು. ಸರ್ಪಸುತ್ತು. ರೆಪ್ಪೆಯ ಮೇಲೆ, ಮೂಗಿನ ತುದಿಯವರೆಗೆ ಇಳಿಯಿತು. "ತಲೆಗೆ ಕೆಂಡ ಕಟ್ಟಿದಂಗಿತ್ತು" ಎನ್ನುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು, ಗುಳ್ಳೆ ಒಣಗಿದವು. ಕಣ್ಣು ಮಾತ್ರ ಒಣಗಿಕೊಂಡೇ ಉಳಿಯಿತು. ಬೆಳಕು ಕಂಡರೆ ಚುಚ್ಚುತ್ತಿತ್ತು, ಗಾಳಿ ತಾಗಿದರೆ ಉರಿಯುತ್ತಿತ್ತು. ಮತ್ತೆ ತೋರಿಸಿಕೊಂಡು ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದನ್ನು ಕೆಲಸದ ಗಡಿಬಿಡಿಯಲ್ಲಿ ಗಾಳಿಗೆ ತೂರಿದರು. ಸಿಕ್ಕಿದವರೆಲ್ಲ ವೈದ್ಯರಾದರು. ಒಬ್ಬರು ಹಾಲು ಬಿಡು ಎಂದರು, ಇನ್ನೊಬ್ಬರು ಜೇನು ಎಂದರು, ಮತ್ತೊಬ್ಬರು ಎಣ್ಣೆ ಎಂದರು. ಜರಡಿಯಕ್ಕ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಎಲ್ಲವನ್ನೂ ಕಣ್ಣೊಳಗೆ ಬಿಟ್ಟುಕೊಂಡರು!

ಯಾವುದರಿಂದಲೂ ಉಪಯೋಗವಾಗಲಿಲ್ಲ. ಕಡೆಗೆ ಅವರೇ ಕನ್ನಡಕ ಕಟ್ಟತೊಡಗಿದರು. ಮೊದಲನೆಯದಕ್ಕೆ ಪ್ಲಾಸ್ಟಿಕ್ ರೆಕ್ಕೆ ಮಾತ್ರ ಇತ್ತು. ಅದನ್ನು ತೊಟ್ಟು ಗಾಳಿಗೆ ಎದುರಾಗಿ ನಿಂತು, "ಎರಚಯ್ಯ" ಎಂದು ಟ್ರ್ಯಾಕ್ಟರ್ ಓಡಿಸುವವರಿಗೆ ಹೇಳಿದರು. ಅವರು ಒಂದು ಹಿಡಿ ಮರಳು ಗಾಳಿಗೆ ತೂರಿದರು. ಕಣ್ಣು ಚುರ್ ಎಂದಿತು. ಸರಿ, ಇದು ಫೇಲು. ಮೇಲಂಚಿಗೆ ಸ್ಪಂಜು ಬಂತು. ಮತ್ತೆ ಎರಚಾಟ, ಮತ್ತೆ ಉರಿ, ಆದರೆ ಸ್ವಲ್ಪ ಕಡಿಮೆ. ಕೆಳಗೂ ಸ್ಪಂಜು ಬಂತು, ಎಲಾಸ್ಟಿಕ್ ಬಂತು. ಅಂಗಳದವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಇದೊಂದು ತಮಾಷೆಯಾಯಿತು. ಉರಿ ಕಡಿಮೆಯಾದಷ್ಟೂ ಕನ್ನಡಕ ಒಳ್ಳೆಯದು ಎಂಬುದು ಜರಡಿಯಕ್ಕನ ಲೆಕ್ಕ. ಯಾರು ಕೇಳಿದರೂ ಸರಿಯೆನ್ನುವ ಲೆಕ್ಕವೇ.

ಐದನೆಯ ಕನ್ನಡಕ ತೊಟ್ಟ ದಿನ ಒಂದು ಹಿಡಿಯಲ್ಲ, ಒಂದು ಸಲಿಕೆ ಎರಚಿಸಿಕೊಂಡರೂ ಕಣ್ಣು ಚುರುಕ್ ಎನ್ನಲಿಲ್ಲ. ಜರಡಿಯಕ್ಕ ಕುಣಿಯುವುದೊಂದು ಬಾಕಿ. "ಕಂಪನಿಯವರೂ ಇಂಥದ್ದು ಮಾಡಿಲ್ಲ" ಎಂದು ಬೀಗಿದರು. ಸಾಮಾನು ಇಳಿಸುವವರು, ಸಿಮೆಂಟು ಹೊರುವವರು, ಟ್ರ್ಯಾಕ್ಟರಿನವರು ಎಲ್ಲ ತಮಗೊಂದು ಬೇಕೆಂದರು. ಜರಡಿಯಕ್ಕ ಸಂಜೆ ಕೂತು ಎಲ್ಲರಿಗೂ ಅದೇ ಅಳತೆಯಲ್ಲಿ ಕಟ್ಟಿಕೊಟ್ಟರು.

ಮಾರನೆಯ ದಿನವೇ ಟ್ರ್ಯಾಕ್ಟರಿನವರು ತಕರಾರು ತಂದರು. "ಅಕ್ಕಾ, ಇದರೊಳಗೆ ಮರಳು ನುಗ್ಗುತ್ತೆ. ಕಣ್ಣು ಉರಿದುಹೋಯ್ತು."

"ನಿಂಗೆ ಹಾಕ್ಕೊಳ್ಳೋಕೆ ಬರಲ್ಲ. ಎಲಾಸ್ಟಿಕ್ ಬಿಗಿ ಮಾಡು."

ಸಿಮೆಂಟಿನವರೂ ಅದನ್ನೇ ಹೇಳಿದರು. ಅವರ ಮೂಗು ಸೊಟ್ಟಗಿದೆ ಎಂದು ಜರಡಿಯಕ್ಕ ತೀರ್ಪು ಕೊಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ಕನ್ನಡಕ ಬಿಚ್ಚಿಟ್ಟರು. ಇಡೀ ಅಂಗಳದಲ್ಲಿ ಅದು ಸರಿಯಾಗಿ ಕೂತಿದ್ದು ತಮ್ಮೊಬ್ಬರಿಗೇ ಎಂದು ಜರಡಿಯಕ್ಕ ಹೆಮ್ಮೆಪಟ್ಟರು. ಗಾಳಿಯ ದಿಕ್ಕು ನೋಡುವುದನ್ನೂ ಬಿಟ್ಟರು. ಯಾವ ಗಾಳಿಗೂ ಸೊಪ್ಪು ಹಾಕದೆ ಎದುರೆದುರೇ ನಿಂತು ಜರಡಿ ಹಿಡಿದರು.

ಒಂದು ಮಧ್ಯಾಹ್ನ ಜರಡಿಯಕ್ಕ ಎಲಾಸ್ಟಿಕ್ ಸಡಿಲವಾಗಿದೆ ಎಂದು ವಾರಗಿತ್ತಿಯ ಬಾಗಿಲಿಗೆ ಹೋದರು. ಕನ್ನಡಕ ತೆಗೆದು ಎದುರಿಗೆ ಕೂತರು. ವಾರಗಿತ್ತಿ ಟೇಪು ಹಿಡಿದು ತಲೆಯ ಸುತ್ತಳತೆ ತೆಗೆಯಲು ಬಗ್ಗಿದವರು ಹಾಗೇ ನಿಂತುಬಿಟ್ಟರು.

"ಅಕ್ಕಾ, ಕಣ್ಣುಗುಡ್ಡೆ ಮೇಲೆ ಮರಳಿದೆ."

"ಎಲ್ಲಿ?"

"ಕಣ್ಣಲ್ಲಿ ಅಕ್ಕಾ! ಕಪ್ಪು ಗುಡ್ಡೆ ಮೇಲೇ ಕೂತಿದೆ. ಒಂದಲ್ಲ, ಎರಡು ಹರಳು."

"ಹುಚ್ಚಾ ನಿಂಗೆ? ಬಿದ್ದಿದ್ರೆ ನಾನು ಸುಮ್ನೆ ಕೂತಿರ್ತಿದ್ನಾ? ನಂಗೇನೂ ಅನ್ನಿಸ್ತಿಲ್ವಲ್ಲೇ."

ಹಾಗೆಂದು ಅವರು ವಾರಗಿತ್ತಿಯ ಮುಖ ನೋಡುತ್ತ ನಗುತ್ತಲೇ ಇದ್ದರು. ಮರಳಿನ ಹರಳುಗಳು ಆ ತೆರೆದ ಕಣ್ಣಿನ ಮೇಲೆ ಮಿನುಗುತ್ತಲೇ ಇದ್ದವು. "ದಿನಾ ಬೈತಿದ್ದ ಬಾಯಿ, ಅವತ್ತು ಒಣಗಿಹೋಯ್ತು. ಹೆಣದ ಕಣ್ಣು ನೋಡ್ದಂಗಾಯ್ತು ನಂಗೆ" ಎಂದು ವಾರಗಿತ್ತಿ ಈಗಲೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಕುಡಿಯುವ ನೀರಿನ ಚೊಂಬು ತಂದು ಕಣ್ಣಿಗೆ ಧಾರೆಯಾಗಿ ಬಿಟ್ಟರು. ಹರಳುಗಳು ಕೆನ್ನೆಗೆ ಜಾರಿ ಬಂದವು. ಬೆರಳ ತುದಿಯಲ್ಲಿ ಅವನ್ನು ಎತ್ತಿ ತೋರಿಸಿದಾಗ ಜರಡಿಯಕ್ಕನ ನಗು ಇಂಗಿತು. ಯಂತ್ರಕ್ಕೆ ಬಟ್ಟೆ ಹೊದಿಸುವುದನ್ನೂ ಮರೆತು ಇಬ್ಬರೂ ಕಣ್ಣಾಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ಹತ್ತಿಯ ಒಂದು ಎಳೆಯನ್ನು ಹೊಸೆದು ಚೂಪು ಮಾಡಿ ಬಲಗಣ್ಣಿಗೆ ತಾಗಿಸಿದರು. ಕಣ್ಣು ಫಟ್ಟನೆ ಮುಚ್ಚಿಕೊಂಡಿತು. ಎಡಗಣ್ಣಿಗೆ ತಾಗಿಸಿದರು. ಏನೂ ಇಲ್ಲ. ಜರಡಿಯಕ್ಕ "ಈಗ ಈ ಕಣ್ಣು ನೋಡಿ" ಎಂದರು. ಆಗಲೇ ನೋಡಿ ಆಗಿತ್ತು.

ಸರ್ಪಸುತ್ತು ಕಣ್ಣಿನ ಉರಿ ನೋವು ತಿಳಿಸುವ ನರವನ್ನೇ ತಿಂದಿತ್ತು. ಒಂದೇ ದಿನದಲ್ಲಲ್ಲ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ. ಡಾಕ್ಟರಮ್ಮ ಕನ್ನಡಕವನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಕೆಳಗಿನ ಸ್ಪಂಜಿನಲ್ಲಿ ಬೆಂಕಿಕಡ್ಡಿ ತೂರುವಷ್ಟು ಸಂದಿ. ಅಂದರೆ ಎರಡನೆಯ ಕನ್ನಡಕ, ಮೂರನೆಯದು, ನಾಲ್ಕನೆಯದು, ಎಲ್ಲರೆದುರು ಗೆದ್ದ ಐದನೆಯದು, ಯಾವುದೂ ಮರಳು ತಡೆದಿರಲಿಲ್ಲ. ಕನ್ನಡಕ ಉತ್ತಮವಾಗುತ್ತಿದೆ ಎಂದುಕೊಂಡಿದ್ದ ಅಷ್ಟೂ ದಿನ ಕಣ್ಣು ಸಾಯುತ್ತಿತ್ತು! ಟ್ರ್ಯಾಕ್ಟರಿನವರು ಹೇಳಿದ್ದು ನಿಜ, ಸಿಮೆಂಟಿನವರ ಮೂಗು ನೆಟ್ಟಗಿತ್ತು. ಮರಳು ಗೀರಿದ ಜಾಗ ಹುಣ್ಣಾಗಿ, ಕಪ್ಪು ಗುಡ್ಡೆಯ ನಡುಭಾಗದ ಪಕ್ಕಕ್ಕೇ ಬಂದು ನಿಂತಿತ್ತು. ಇನ್ನೊಂದಿಷ್ಟು ದಿನ ತಡವಾಗಿದ್ದರೆ ಕಣ್ಣೇ ಇರುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಜರಡಿಯಕ್ಕ ಅಲ್ಲೇ ಅತ್ತರು. ಬಲಗಣ್ಣಿನಿಂದ ಮಾತ್ರ ನೀರು ಬಂತು.

ಹುಣ್ಣು ಮಾಯಲು ತಿಂಗಳುಗಟ್ಟಲೆ ಹಿಡಿಯಿತು. ಕಣ್ಣಿಗೆ ಮುಲಾಮು, ಮಲಗುವಾಗ ರೆಪ್ಪೆಗೆ ಪಟ್ಟಿ. ಏನೂ ಅನ್ನಿಸದ ಕಣ್ಣು ತಾನಾಗಿ ಸಾಕಷ್ಟು ಮಿಟುಕುವುದಿಲ್ಲ, ಅದನ್ನು ನೆನಪಿಟ್ಟು ಬೇಕೆಂದೇ ಮುಚ್ಚಿ ತೆರೆಯಬೇಕು ಎಂಬ ತಾಕೀತು ಬೇರೆ. ಮರಳಿನ ಕೆಲಸ ಬಿಡುವುದೇ ಮೇಲು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಜರಡಿಯಕ್ಕ ಬಿಟ್ಟೂ ನೋಡಿದರು. ವಾರಗಿತ್ತಿಯ ಬಳಿ ಗುಂಡಿ ಹೊಲಿಯಲು ಕೂತರೆ ಎರಡೇ ದಿನಕ್ಕೆ ಇಬ್ಬರೂ ಮಾತು ಬಿಟ್ಟರು. "ಸೂಜಿ ಹಿಡಿದ್ರೆ ಕೈ ನಡುಗುತ್ತೆ, ಸಲಿಕೆ ಹಿಡಿದ್ರೆ ನಿಲ್ಲುತ್ತೆ. ನಾನೇನು ಮಾಡ್ಲಿ?" ಎನ್ನುತ್ತಾರೆ. ಅಂಗಳದ ಯಜಮಾನರು ಮೊದಲು ಗೇಟಿನಲ್ಲೇ ತಡೆದರು. ಕಣ್ಣು ಹೋದರೆ ತಮ್ಮ ತಲೆಗೆ ಬರುತ್ತದೆ ಎಂಬ ಭಯ ಅವರಿಗೆ.

ಹಾಗಾಗಿ ಒಂದು ಒಪ್ಪಂದವಾಯಿತು, ಡಾಕ್ಟರಮ್ಮನೂ ಅರೆಮನಸ್ಸಿನಿಂದ ತಲೆಯಾಡಿಸಿದರು. ಒಣ ಮರಳನ್ನು ಜರಡಿಯಕ್ಕ ಮುಟ್ಟುವ ಹಾಗಿಲ್ಲ. ಹಿಂದಿನ ಸಂಜೆಯೇ ಗುಡ್ಡೆಗೆ ನೀರು ಚಿಮುಕಿಸಿಡುತ್ತಾರೆ. ನೀರು ಹೆಚ್ಚಾದರೆ ಜರಡಿಯ ಕಣ್ಣು ಕಟ್ಟಿಕೊಳ್ಳುತ್ತದೆ, ಕಡಿಮೆಯಾದರೆ ದೂಳೇಳುತ್ತದೆ. ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಬೆರಳು ತಾಗಿದರೆ ಉದುರಬೇಕು. ಬೆಳಕು ಹರಿಯುವ ಮೊದಲು ಶುರು, ಬಿಸಿಲೇರಿ ಮರಳು ಬೆಳ್ಳಗಾಗುವ ಹೊತ್ತಿಗೆ ಮುಗಿಸಬೇಕು. ಮೊದಲು ದಿನಕ್ಕೆ ಮೂರು ಟ್ರ್ಯಾಕ್ಟರ್ ಮರಳು ಜರಡಿ ಹಿಡಿಯುತ್ತಿದ್ದವರು ಈಗ ಒಂದೂವರೆಗೆ ನಿಲ್ಲಿಸುತ್ತಾರೆ. ಯಜಮಾನರು ಗೊಣಗುತ್ತಾರೆ. ಆದರೆ ಅಂಗಳದಲ್ಲಿ ದೂಳು ಕಡಿಮೆಯಾಗಿ ತಮ್ಮ ಕೆಮ್ಮೂ ನಿಂತಿರುವುದರಿಂದ ಜೋರಾಗಿ ಗೊಣಗುವುದಿಲ್ಲ.

ಹೊಸ ಕನ್ನಡಕ ಕಟ್ಟುವಾಗ ಇನ್ನೊಂದು ಪ್ರಶ್ನೆ ಎದ್ದಿತು. ಪರೀಕ್ಷೆ ಮಾಡುವುದು ಹೇಗೆ? ತಮ್ಮ ಕಣ್ಣಿನ ಮಾತು ನಂಬುವಂತಿಲ್ಲ. ಕಡೆಗೆ ವಾರಗಿತ್ತಿಯೇ ಅದನ್ನು ತೊಟ್ಟು ಗಾಳಿಗೆ ಎದುರಾಗಿ ನಿಂತರು. "ಅಯ್ಯಯ್ಯೋ, ನಿನ್ನ ಕನ್ನಡಕಕ್ಕೆ ಬೆಂಕಿ ಹಾಕ!" ಎಂದು ಅವರು ಕೂಗಿದರೆ ಎಲ್ಲೋ ಸಂದಿ ಇದೆ ಎಂದು ಅರ್ಥ. ಅವರು ಬಾಯಿ ಮುಚ್ಚಿಕೊಂಡು ನಿಲ್ಲುವವರೆಗೂ ಸ್ಪಂಜು ಕೂಡಿಸಿದರು. ಈಗಿನ ಕನ್ನಡಕ ಹಾಗೆ ಪಾಸಾದದ್ದು. ವಾರವಾರ ಸ್ಪಂಜು ಬದಲಾಗುತ್ತದೆ, ಪರೀಕ್ಷೆಯೂ ಮತ್ತೆ ಆಗುತ್ತದೆ.

ಕೆಲಸ ಮುಗಿಸಿ ಜರಡಿಯಕ್ಕ ಕೈಕಾಲು ತೊಳೆದು ವಾರಗಿತ್ತಿಯ ಬಾಗಿಲಲ್ಲಿ ಕೂರುತ್ತಾರೆ. ವಾರಗಿತ್ತಿ ಟಾರ್ಚು ಹಿಡಿದು, ರೆಪ್ಪೆಯ ಕೆಳಗೆ, ಮೂಲೆಯಲ್ಲಿ, ಎಲ್ಲ ಕಡೆ ಬೆಳಕು ಹಾಯಿಸಿ ನೋಡುತ್ತಾರೆ. ಮಾತು ಬಿಟ್ಟ ದಿನಗಳಲ್ಲೂ ಇದು ತಪ್ಪುವುದಿಲ್ಲ. ಒಂದು ಮಾತೂ ಆಡದೆ ಗದ್ದ ಹಿಡಿದೆತ್ತಿ ನೋಡಿ, ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಆಮೇಲೆ ಡಾಕ್ಟರಮ್ಮ ಕೊಟ್ಟ ಹನಿ. ಹಾಲು ಜೇನಿನ ಮಾತೆತ್ತಿದವರನ್ನು ಜರಡಿಯಕ್ಕ ಈಗ ಅಟ್ಟಿಸಿಕೊಂಡು ಹೋಗುತ್ತಾರೆ. "ಕಣ್ಣಿನ ಹೊರಗೆ ರಟ್ಟು ಕಟ್ಟಿ, ಬಾಟಲಿ ಕಟ್ಟಿ, ನಿಮ್ಮಿಷ್ಟ. ಒಳಗೆ ಮಾತ್ರ ಮನೇದು ಒಂದು ತೊಟ್ಟೂ ಬೇಡ."

ಮೂರು ತಿಂಗಳಿಗೊಮ್ಮೆ ಕಣ್ಣಾಸ್ಪತ್ರೆಗೆ ಹೋಗುತ್ತಾರೆ. ನರ ಮತ್ತೆ ಚಿಗುರಲೂಬಹುದು, ಚಿಗುರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರಮ್ಮ. ಹತ್ತಿಯ ಎಳೆ ಹತ್ತಿರ ಬರುವಾಗ ಜರಡಿಯಕ್ಕ ಉಸಿರು ಬಿಗಿಹಿಡಿಯುತ್ತಾರೆ. ಹೋದ ಸಲವೂ ಏನೂ ತಿಳಿಯಲಿಲ್ಲ. ಆದರೂ "ಏನೋ ಸ್ವಲ್ಪ ಅನ್ನಿಸ್ತು" ಎಂದು ಸುಳ್ಳು ಹೇಳಿದರಂತೆ. ಡಾಕ್ಟರಮ್ಮ ಎಳೆಯನ್ನು ಇನ್ನೂ ತಾಗಿಸಿಯೇ ಇರಲಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಹೊಸ ಕನ್ನಡಕ ಎಂದಾರು, ಬೇರೆ ಕೆಲಸ ಎಂದಾರು ಎಂದುಕೊಂಡರೆ ತಪ್ಪು. ಜರಡಿಯಕ್ಕ ಸಲಿಕೆಯ ಹಿಡಿಗೆ ಗದ್ದ ಊರಿ, ಎಡಗಣ್ಣು ಮುಚ್ಚಿ ತೆರೆಯುತ್ತಾರೆ.

"ಒಂದೇ ಒಂದು ಸಲ ಈ ಕಣ್ಣು ಉರೀಬೇಕು. ಎಂಥ ಉರಿ ಅಂದ್ರೆ, ನಾನು ಅಮ್ಮಾ ಅಂತ ಕಿರುಚಿಕೊಂಡು ಇಲ್ಲೇ ಮರಳಲ್ಲಿ ಬಿದ್ದು ಹೊರಳಾಡ್ಬೇಕು. ಅಷ್ಟು ಸಾಕು."