ಹಿಂದೆ ಫ್ಯಾನಿದ್ದ ವಿಮಾನ

ನನ್ನ ಅಣ್ಣ ಪಂಚನಹಳ್ಳಿಯಲ್ಲಿ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಿದ್ದ. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮೂರು ವರ್ಷ ಒದ್ದಾಡಿ, ಹಳೆಯ ಕಾರಿನ ಎಂಜಿನ್ ಕೂರಿಸಿ, ಒಬ್ಬರೇ ಹತ್ತುವಂಥ ಪುಟ್ಟ ವಿಮಾನ ಕಟ್ಟಿದ. ಅದರ ಫ್ಯಾನು ಮೂತಿಯಲ್ಲಿರಲಿಲ್ಲ, ಸೀಟಿನ ಬೆನ್ನಿಗಿತ್ತು. "ಇದು ಎಳ್ಕೊಂಡು ಹೋಗಲ್ಲ ಕಣೇ, ಹಿಂದಿನಿಂದ ನೂಕುತ್ತೆ. ಮುಂದೆ ಪೂರ್ತಿ ಆಕಾಶ ಕಾಣುತ್ತೆ," ಎನ್ನುತ್ತಿದ್ದ. ನಾನು ಕಡೂರಿನಲ್ಲಿ ಬಟ್ಟೆ ಹೊಲಿಯುವವಳು. ರೆಕ್ಕೆಗಳ ಬಟ್ಟೆ ಹೊಲಿದುಕೊಟ್ಟವಳು ನಾನೇ.

ರಾಗಿ ಕಟಾವಾದ ಮೇಲೆ ದೇವನೂರಿನ ಕಡೆಯ ಒಂದು ಬಯಲಿಗೆ ಅದನ್ನು ಟ್ರಾಕ್ಟರಿನಲ್ಲಿ ಸಾಗಿಸಿದೆವು. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಬೆಳಗಿನ ಚಳಿ ಕೊರೆಯುತ್ತಿತ್ತು. ನನ್ನ ಮಫ್ಲರ್ ಬಿಚ್ಚಿ ಅವನ ಕತ್ತಿಗೆ ಸುತ್ತಿದೆ.

"ಬ್ಯಾಡ ಬಿಡೇ," ಅಂದ.

"ಮೇಲೆ ಗಾಳಿ ಇರುತ್ತೆ, ಹಾಕ್ಕೋ ಅಣ್ಣ," ಎಂದು ಹಟ ಮಾಡಿದೆ.

ವಿಮಾನ ಓಡಿತು, ಎದ್ದಿತು. ನಾನು ಕೂಗಿಕೊಂಡೆ, ಖುಷಿಗೆ. ತೆಂಗಿನ ಮರದೆತ್ತರಕ್ಕೆ ಹೋದಾಗ ಹಿಂದಿನಿಂದ ಪಟಾರನೆ ಸದ್ದು ಬಂತು. ವಾಲಿದ್ದೇ ತಡ, ನೆಲಕ್ಕೆ ಬಡಿಯಿತು. ಟ್ರಾಕ್ಟರಿನವನು ಅಣ್ಣನನ್ನು ಸೀಟಿನಿಂದ ಬಿಡಿಸುತ್ತಿದ್ದಾಗ ನನ್ನ ಕಣ್ಣು ಮುರಿದ ಫ್ಯಾನಿನ ಮೇಲೆ ಬಿತ್ತು. ಅದರ ಬುಡಕ್ಕೆ, ಗಾಳಿಗೆ ಅವನ ಕತ್ತಿನಿಂದ ಬಿಚ್ಚಿಹೋದ ನನ್ನ ಮಫ್ಲರಿನ ಉಣ್ಣೆ ಬಿಗಿಯಾಗಿ ಸುತ್ತಿಕೊಂಡಿತ್ತು. ಯಾಕೆ ಹಾಗೆ ಮಾಡಿದೆನೋ, ಕಿತ್ತು ಸೆರಗಿನೊಳಗೆ ಮುಚ್ಚಿಟ್ಟೆ.

ಬೆನ್ನುಮೂಳೆ ಮುರಿದಿತ್ತು. ಅಣ್ಣ ಮತ್ತೆ ನಡೆಯಲಿಲ್ಲ. ಬಿದ್ದ ಬೆಳಗಿನ ನೆನಪೇ ಅವನಿಗಿರಲಿಲ್ಲ. ಎಂಜಿನ್ನನ್ನು ಮನೆಯೊಳಗೆ ತರಿಸಿಕೊಂಡು, ಗಾಲಿಕುರ್ಚಿಯಲ್ಲಿ ಕೂತು ಬಿಚ್ಚುತ್ತಿದ್ದ, ಜೋಡಿಸುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. "ಎಲ್ಲೋ ತಪ್ಪು ಮಾಡಿದೀನಿ ಕಣೇ. ಸಿಗ್ತಾನೇ ಇಲ್ಲ."

ಎಂಟು ತಿಂಗಳು ಇದನ್ನು ನೋಡಿದೆ. ಒಂದು ಮಧ್ಯಾಹ್ನ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವನು ಬೈಯಲಿಲ್ಲ. ಸ್ಪ್ಯಾನರ್ ಕೆಳಗಿಟ್ಟ.

"ಹಂಗಾದ್ರೆ ಎಂಜಿನ್ ಸರಿಯಾಗೇ ಇತ್ತಾ?"

"ಇತ್ತು ಅಣ್ಣ."

"ಮೊದ್ಲೇ ಹೇಳ್ಬಾರ್ದಿತ್ತಾ," ಎಂದು ಗೋಡೆಯ ಕಡೆ ತಿರುಗಿಕೊಂಡ.

ಅವನ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಹುಡುಕುವ ಕೆಲಸವೊಂದು ಅವನನ್ನು ಹಿಡಿದಿಟ್ಟಿತ್ತು, ಅದನ್ನೂ ಕಿತ್ತುಕೊಂಡೆ. ಈಗ ಅತ್ತಿಗೆ ಎಬ್ಬಿಸಿದರೂ ಬೆಳಗ್ಗೆ ಏಳುವುದಿಲ್ಲವಂತೆ. ನಾನು ಹೋದಾಗ ಊಟ ಆಯ್ತಾ ಎನ್ನುತ್ತಾನೆ, ಮಕ್ಕಳ ಓದು ವಿಚಾರಿಸುತ್ತಾನೆ. ಅಷ್ಟೇ. ಬಸ್ಸಿಗೆ ಇನ್ನೂ ಹೊತ್ತಿದ್ದರೂ ಎದ್ದು ಹೊರಟುಬಿಡುತ್ತೇನೆ.