ಅವ್ವ ತಿರುಗಿಸಿದ ಕನ್ನಡಿ

ಮೊನ್ನೆ ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟಿಯ ಪಕ್ಕಕ್ಕೆ ಭತ್ತ ತುಂಬಿದ ಲಾರಿಯೊಂದು ಬಂದು ನಿಂತಿತು. ಗೋಣಿಚೀಲದ ದೂಳು, ಬಿಸಿ ಡೀಸೆಲ್ಲು, ಒಂಚೂರು ಊದುಬತ್ತಿ, ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಲೇಶಣ್ಣ ನೆನಪಾದ. ಬೇರೆಯವರಿಗೆ ಮಲ್ಲಿಗೆಯೋ ಒದ್ದೆ ಮಣ್ಣೋ ಹಳೆಯದನ್ನು ನೆನಪಿಸುತ್ತದಂತೆ, ನನಗೆ ಡೀಸೆಲ್ಲು. ಏನು ಮಾಡುವುದು, ಪಡೆದು ಬಂದದ್ದು ಅಷ್ಟು.

ಹಾಲೇಶಣ್ಣ ನನ್ನ ದೊಡ್ಡಮ್ಮನ ಮಗ, ನಂದಿಗುಡಿಯವನು. ಸುತ್ತಿನ ಹಳ್ಳಿಗಳ ಭತ್ತವನ್ನು ದಾವಣಗೆರೆಯ ಮಿಲ್ಲುಗಳಿಗೆ ಸಾಗಿಸುವುದು ಅವನ ಕೆಲಸವಾಗಿತ್ತು. ಮಾತು ಕಡಿಮೆ, ಮೀಸೆ ಜಾಸ್ತಿ. ಲಾರಿ ಓಡಿಸುವಾಗ ಅವನಿಗೊಂದು ಅಭ್ಯಾಸ. ಮುಂದೆ ನೋಡಿದವನು ಬಲಗನ್ನಡಿ ನೋಡುತ್ತಿದ್ದ, ಮತ್ತೆ ಮುಂದೆ, ಆಮೇಲೆ ಎಡಗನ್ನಡಿ, ಮತ್ತೆ ಮುಂದೆ. ರಸ್ತೆ ಖಾಲಿ ಇದ್ದರೂ ಅಷ್ಟೇ. ಪಕ್ಕದಲ್ಲಿ ಕೂತವರಿಗೆ, ಇವನೇನು ಯಾರಿಗೋ ಹೆದರಿ ಊರು ಬಿಡುತ್ತಿದ್ದಾನೆಯೇ ಎಂದು ಅನುಮಾನ ಬರಬೇಕು.

ಕನ್ನಡಿಯ ವಿಷಯದಲ್ಲಿ ನಮ್ಮೂರಿನವರ ಧಾರಾಳ ನಿಮಗೂ ಗೊತ್ತಿರಬಹುದು. ಹೊಸ ಬೈಕು ಕೊಂಡ ಹುಡುಗರು ಮೊದಲು ಬಿಚ್ಚಿಸುವುದು ಅದನ್ನೇ. ನಾನೇನು ಕಡಿಮೆಯಲ್ಲ, ನನ್ನ ಸ್ಕೂಟಿಯ ಕನ್ನಡಿ ಬಹಳ ದಿನ ಹಣೆಯ ಬೊಟ್ಟು ನೆಟ್ಟಗಿದೆಯೇ ಎಂದು ನೋಡಿಕೊಳ್ಳುವುದಕ್ಕಷ್ಟೇ ಬಳಕೆಯಾಗುತ್ತಿತ್ತು.

ನಾನು ಕಾಲೇಜಿನಲ್ಲಿದ್ದಾಗ ನಾವು ಹರಿಹರದ ಬಾಡಿಗೆ ಮನೆ ಬಿಟ್ಟು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಗೆ ಬಂದೆವು. ಸಾಮಾನು ಸಾಗಿಸಲು ಹಾಲೇಶಣ್ಣನೇ ಲಾರಿ ತಂದ. ಅಪ್ಪ ಹಾಲು ಉಕ್ಕಿಸುವ ಏರ್ಪಾಟಿಗೆಂದು ಮುಂಚೆಯೇ ಸ್ಕೂಟರಿನಲ್ಲಿ ಹೋಗಿದ್ದರು. ಲಾರಿಯ ಮುಂದೆ ಹಾಲೇಶಣ್ಣ, ನಡುವೆ ನಾನು, ಎಡಗಿಟಕಿಯ ಪಕ್ಕ ಅವ್ವ. ಹಿಂದೆ, ಎಲ್ಲಕ್ಕಿಂತ ಕೊನೆಗೆ, ಎಡ ಅಂಚಿಗೆ ಬಿಗಿದಿದ್ದದ್ದು ಅವ್ವನ ಹೊಲಿಗೆ ಮಷಿನ್ನು. ಓಣಿಯ ಹೆಂಗಸರ ಜಂಪರುಗಳನ್ನೆಲ್ಲ ಹೊಲಿದದ್ದು ಅದೇ. ಹರಿಹರ ದಾಟುವ ಮೊದಲೇ ಅವ್ವನ ಜೀವ ಅದರ ಮೇಲಿತ್ತು.

“ಹಾಲೇಶಿ, ಮಷಿನ್ನು ಅಳ್ಳಾಡ್ತೈತೇನೋ.”

“ಹಗ್ಗ ನಾನೇ ಬಿಗಿದೀನಿ ಚಿಗವ್ವ. ಬೀಳಂಗಿಲ್ಲ ಬಿಡು.”

“ನೀನು ಮಾತ್ರ ಆಗ್ಲಿಂದ ಕನ್ನಡಿ ನೋಡ್ಕೊಂತ ಕುಂತೀಯ. ಹೆಣ್ಮಕ್ಳೂ ಇಷ್ಟು ನೋಡಲ್ಲ.”

ಹಾಲೇಶಣ್ಣ ನಕ್ಕ. “ಲಾರಿ ಮಗ್ಗಲಿಗೆ ಯಾವಾಗ ಯಾರು ಬರ್ತಾರೋ ಯಾರಿಗೆ ಗೊತ್ತು? ಈಗ ನೋಡಿದ್ದು ಈಗಷ್ಟೇ ಖರೆ ಚಿಗವ್ವ.”

ಊರೊಳಗೆ ಬಂದು, ಎಡಕ್ಕೆ ಹೊರಳಬೇಕಾದ ಸಿಗ್ನಲ್ಲಿನಲ್ಲಿ ನಿಂತೆವು. ನಿಲ್ಲುವಾಗ ಹಿಂದೆ ಏನೋ ‘ಕಟಕ್’ ಎಂದಿತು. ಹಾಲೇಶಣ್ಣನ ಕಣ್ಣು ಅಡ್ಡ ಬಂದ ಆಟೊ ಮೇಲಿದ್ದಾಗ ಅವ್ವ ಕಿಟಕಿಯಿಂದ ಕೈ ಚಾಚಿ, ಎಡಗನ್ನಡಿಯನ್ನು ತನಗೆ ಮಷಿನ್ನು ಕಾಣುವಂತೆ ತಿರುಗಿಸಿಕೊಂಡಳು. ಮಷಿನ್ನು ಕಂಡಿತು. ಅವ್ವನಿಗೆ ಸಮಾಧಾನವಾಯಿತು. ನಾನು ಅದನ್ನು ನೋಡಿದೆ, ಆದರೆ ಅದರಲ್ಲಿ ತಪ್ಪೇನಿದೆ ಎಂದು ನನಗೂ ಹೊಳೆಯಲಿಲ್ಲ.

ಹಸಿರು ದೀಪ ಬಂತು. ಹಾಲೇಶಣ್ಣ ಬಲಗನ್ನಡಿ ನೋಡಿ, ಲಾರಿಯ ಮೂತಿಯನ್ನು ಸ್ವಲ್ಪ ಮುಂದೆ ತಂದು, ಎಡಕ್ಕೆ ಹೊರಳಿಸುವ ಮುನ್ನ ಎಡಗನ್ನಡಿಗೆ ಕಣ್ಣು ಹಾಕಿದ. ಅಲ್ಲಿ ಲಾರಿಯ ಮಗ್ಗುಲು ಇರಲಿಲ್ಲ. ಯಾವುದೋ ಬಟ್ಟೆ ಅಂಗಡಿಯ ಬೋರ್ಡು, ಅಕ್ಷರಗಳು ಹಿಂದುಮುಂದಾಗಿ, ಕಾಣುತ್ತಿತ್ತು. ಅವನು ಒತ್ತಿದ ಬ್ರೇಕಿಗೆ ನನ್ನ ಹಣೆ ಮುಂದಿನ ಗಾಜಿಗೆ ತಾಗಿತು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಬೊಬ್ಬೆ ಹಾಕಿದವು.

“ಯಾಕ ನಿಂತಿ?” ಎಂದಳು ಅವ್ವ.

ಅವನು ಇಳಿದು ಆ ಕಡೆಗೆ ಸುತ್ತಿ ಬಂದ. ನಾನು ಅವ್ವನ ಮೇಲಿಂದ ಬಾಗಿ ಕೆಳಗೆ ನೋಡಿದೆ. ಹಿಂದಿನ ಚಕ್ರದ ಪಕ್ಕ, ಲಾರಿಗೂ ಚರಂಡಿಯ ಕಟ್ಟೆಗೂ ನಡುವೆ, ಸ್ಕೂಟಿಯ ಮೇಲೆ ಒಬ್ಬ ಹೆಂಗಸು. ಅವಳ ಮುಂದೆ ನಿಂತ ಪುಟ್ಟ ಹುಡುಗಿಯ ಕೈಯಲ್ಲಿ ಕೊತ್ತಂಬರಿ ಕಟ್ಟು. ನೇರ ಹೋಗಬೇಕೆಂದು ಆ ಹೆಂಗಸು ಲಾರಿಯ ಎಡಕ್ಕೆ ನುಗ್ಗಿದ್ದಳು. ಲಾರಿ ಇನ್ನೊಂದು ಮೊಳ ಹೊರಳಿದ್ದರೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ.

ಆಕೆಗೆ ಅದು ತಿಳಿದಿರಲಿಲ್ಲ. “ಹೋಗೋದಾದ್ರೆ ಹೋಗ್ರಿ, ನಿಲ್ಲೋದಾದ್ರೆ ನಿಲ್ರಿ! ನಡುರಸ್ತೆಗೆ ಅಡ್ಡ ಹಾಕ್ಕೊಂಡು ನಿಂತ್ರೆ ಹೆಂಗೆ? ಲೈಸೆನ್ಸ್ ಯಾರು ಕೊಟ್ರು ನಿಮಗೆ?” ಎಂದು ಜಾಡಿಸಿದಳು.

“ತಪ್ಪಾತು ಅಕ್ಕಾರೆ. ನೀವು ಮುಂದಕ್ಕೆ ಹೋಗ್ರಿ,” ಎಂದು ಹಾಲೇಶಣ್ಣ ಅವಳಿಗೆ ದಾರಿ ಮಾಡಿಕೊಟ್ಟ. ಮೇಲೆ ಹತ್ತುವ ಮೊದಲು ಎಡಗನ್ನಡಿಯನ್ನು ಸರಿಪಡಿಸಿದ. ಅವ್ವನ ಕಡೆ ನೋಡಲಿಲ್ಲ.

ಹೊಸ ಮನೆಯಲ್ಲಿ ಹಾಲು ಉಕ್ಕುವ ಹೊತ್ತಿಗೆ ಅವ್ವ ನನ್ನನ್ನು ಪಕ್ಕಕ್ಕೆ ಕರೆದು, ಸಿಗ್ನಲ್ಲಿನಲ್ಲಿ ಅವನು ಯಾಕೆ ಹಾಗೆ ನಿಲ್ಲಿಸಿದ ಎಂದು ಕೇಳಿದಳು. ಕಂಡದ್ದನ್ನು ಕಂಡಹಾಗೆ ಹೇಳಿದೆ. ಅವಳು ಒಲೆಯನ್ನು ಹಾಗೇ ಬಿಟ್ಟು, ಅಂಗಳದಲ್ಲಿ ಹಗ್ಗ ಬಿಚ್ಚುತ್ತಿದ್ದವನ ಹತ್ತಿರ ಹೋದಳು.

“ನಾನು ಕನ್ನಡಿ ತಿರುವಿದ್ದಕ್ಕೆ ಹಂಗಾತೇನೋ?”

“ಏನೂ ಆಗಲಿಲ್ಲ ಚಿಗವ್ವ.”

“ಆಗಿದ್ರೆ?”

ಅವನು ಹಗ್ಗವನ್ನು ತೋಳಿಗೆ ಸುತ್ತಿಕೊಂಡ. “ಆ ಅಕ್ಕ ಬೈಕೊಂತ ಹೋದ್ಲಲ್ಲ. ನನಗೆ ಅಷ್ಟು ಸಾಕು,” ಎಂದ.

ಅವ್ವ ಅಳಲಿಲ್ಲ. ಆದರೆ ಅಷ್ಟು ಹಂಬಲಿಸಿ ತಂದ ಮಷಿನ್ನು ಸಂಜೆಯವರೆಗೂ ಅಂಗಳದ ಬಿಸಿಲಿನಲ್ಲೇ ಇತ್ತು. ಅಪ್ಪ ಕೇಳಿದ್ದಕ್ಕೆ, “ಇರ್ಲಿ ಬಿಡ್ರಿ, ಅವಸರ ಇಲ್ಲ,” ಎಂದಳು. ಆಮೇಲೆ ಎಷ್ಟೋ ಸಲ ಈ ಘಟನೆಯನ್ನು ತಿರುಗಿಸಿ ನೋಡಿದ್ದೇನೆ. ಹಾಲೇಶಣ್ಣನಿಗೆ ಆ ಹೆಂಗಸು ಕಂಡಿರಲೇ ಇಲ್ಲ. ಕಾಣುತ್ತಿಲ್ಲ ಎಂಬುದಷ್ಟೇ ಅವನಿಗೆ ಕಂಡದ್ದು. ಸುಮಾರಿನ ಚಾಲಕನಾದರೆ ಹಿಂದಿನ ಸಲ ನೋಡಿದ್ದನ್ನೇ ನಂಬಿ ಹೊರಳಿಬಿಡುತ್ತಿದ್ದ. ಖಾಲಿಯೇ ಇತ್ತಲ್ಲ, ಈಗ ತಾನೇ ನೋಡಿದ್ದೆನಲ್ಲ ಎಂದುಕೊಂಡು. ಹಾಲೇಶಣ್ಣ ಈಗ ಲಾರಿ ಬಿಟ್ಟು ನಂದಿಗುಡಿಯಲ್ಲಿ ಗದ್ದೆ ನೋಡಿಕೊಂಡಿದ್ದಾನೆ. ಈ ಮಾತನ್ನು ಎತ್ತಿದರೆ, “ಯಾವುದವ್ವಾ ಅದು?” ಎನ್ನುತ್ತಾನೆ. ನಿಜವಾಗಿಯೂ ಮರೆತಿದ್ದಾನೆ.

ಇವತ್ತು ಬೆಳಿಗ್ಗೆ ಆವರಗೆರೆಯ ಕಡೆ ಹೋಗುತ್ತಿದ್ದೆ. ಮುಂದೆ ನೀರಿನ ಟ್ಯಾಂಕರೊಂದು ನಿಂತಿತ್ತು. ಅದರ ಎಡಕ್ಕೆ ಸರಿಯಾಗಿ ನನ್ನ ಸ್ಕೂಟಿಯಷ್ಟೇ ಜಾಗ. ಹಿಂದಿನವನೊಬ್ಬ, ನುಗ್ಗಿ ಹೋಗಬಾರದೇ ಎಂಬಂತೆ ಹಾರ್ನ್ ಹೊಡೆಯುತ್ತಿದ್ದ. ನಾನು ಕಾಲೂರಿ ನಿಂತು ಟ್ಯಾಂಕರಿನ ಕನ್ನಡಿಯಲ್ಲಿ ಚಾಲಕನ ಮುಖ ಹುಡುಕಿದೆ. ಸಿಕ್ಕಿತು; ಆಕಳಿಸುತ್ತಿದ್ದ. ಆಕಳಿಕೆ ಮುಗಿಸಿ ಅವನು ಕನ್ನಡಿಯತ್ತ ನೋಡಿದ. ಕಣ್ಣು ನನ್ನ ಮೇಲೆ ಒಂದು ಗಳಿಗೆ ನಿಂತಿತು. ನಾನು, ಹೋಗಪ್ಪಾ ಎಂದು ಕೈ ಮಾಡಿದೆ. ಟ್ಯಾಂಕರು ನೀರು ತುಳುಕಿಸುತ್ತ ನಿಧಾನವಾಗಿ ಎಡಕ್ಕೆ ಹೊರಳಿತು, ನಾನು ನುಗ್ಗಬಹುದಾಗಿದ್ದ ಜಾಗವನ್ನು ಪೂರ್ತಿಯಾಗಿ ತುಂಬಿಕೊಂಡು.